ಗುಬ್ಬಿಯ ಹರಿದ ದೋಸೆ

"ಕಾವ್ಲಿ ಕದ್ದೋಳು ಅಂದವ್ರೆ ಕಣಮ್ಮ ನನ್ನ! ಎಂಟು ವರ್ಷ ಅವರ ಹೊಟ್ಟೆ ತುಂಬ್ಸಿದ ಕೈ ಇದು!"

ಹನುಮಮ್ಮ ಹೀಗೆ ಗೋಳಿಡುತ್ತ ಜಗಲಿ ಹತ್ತಿದಾಗ ಕದರಯ್ಯ ಮೇಷ್ಟ್ರು ಅರ್ಧ ಮುಖದ ಕ್ಷೌರ ಮುಗಿಸಿದ್ದರು. ಆಕೆಯ ಕತೆ ಮುಗಿಯುವಷ್ಟರಲ್ಲಿ ಇನ್ನರ್ಧದ ಸೋಪು ಒಣಗಿ, ಮೇಷ್ಟ್ರ ಪಿತ್ತ ನೆತ್ತಿಗೇರಿತ್ತು. ತುಮಕೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಅಕ್ಕ ನರಸಿಂಹಮ್ಮ ಮಾತ್ರ ತಣ್ಣಗಿನ ಹೆಂಗಸು. ನರ್ಸಾಗಿದ್ದು ಊರಿನ ಎಷ್ಟೋ ಮನೆಗಳ ಒಳಗುಟ್ಟು ಕಂಡಿದ್ದ ಅವರು, ನಿವೃತ್ತಿಯಾದ ಮೇಲೆ ಕಳವು, ಮೋಸಗಳ ಸಿಕ್ಕು ಬಿಡಿಸುತ್ತಿದ್ದರು. ದಾರಿ ಕಾಣದಿದ್ದಾಗ ಪೊಲೀಸರೂ ಬಂದು ಆ ಜಗಲಿಯ ಮೇಲೆ ಕೂರುತ್ತಿದ್ದರು. ಅಕ್ಕ ಹೋದಲ್ಲಿ ಕೊಡೆ ಹಿಡಿಯಲು ಒಬ್ಬರು, ಕೂಗಾಡಲು ಒಬ್ಬರು ಬೇಕಲ್ಲ, ಎರಡೂ ಕೆಲಸ ಮೇಷ್ಟ್ರದೇ.

ಹನುಮಮ್ಮ ಕುಣಿಗಲ್ ಕಡೆಯ ಕೊತ್ತಗೆರೆಯವಳು. ಗಂಡ ತೀರಿಕೊಂಡ ಮೇಲೆ ತುಮಕೂರಿನ ಕಂಟ್ರಾಕ್ಟರ್ ಬೆಟ್ಟಸ್ವಾಮಿಯ ಮನೆಯಲ್ಲಿ ಅಡುಗೆಗೆ ನಿಂತಿದ್ದಳು. ಹೋದ ವಾರ ಕೆಲಸ ಬಿಟ್ಟು, ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಸ್ವಂತ ದೋಸೆ ಹೋಟೆಲು ಇಟ್ಟಿದ್ದಳು. ಅವಳು ಬಸ್ಸು ಹತ್ತಿದ ದಿನವೇ ಆ ಮನೆಯ ಹಳೇ ಕಬ್ಬಿಣದ ಕಾವಲಿ ಮಾಯವಾಯಿತು. ಹೋಟೆಲಿಗೆಂದು ಹನುಮಮ್ಮನೇ ಹೊತ್ತೊಯ್ದಳೆಂದು ಬೆಟ್ಟಸ್ವಾಮಿಯ ಹೆಂಡತಿ ದಾಕ್ಷಾಯಣಿ ಬೀದಿಗೆಲ್ಲ ಸಾರಿದಳು. ಆ ಮಾತು ಗುಬ್ಬಿಗೂ ಹೋಗಿ ಮುಟ್ಟಿತು.

"ಮಳಿಗೆ ಓನರ್ ಮಾಲಿಂಗಯ್ನೋರು, ಕಳ್ಳೀಗೆ ನನ್ನ ಜಾಗ ಇಲ್ಲ, ಭಾನ್ವಾರದೊಳ್ಗೆ ಖಾಲಿ ಮಾಡು ಅಂದವ್ರೆ. ಈ ಹೆಸ್ರು ಹೊತ್ಕೊಂಡು ಇನ್ಯಾರ ಅಡಿಗೆಮನೆ ಹೊಸ್ಲು ತುಳೀಲಮ್ಮ?"

"ಒಂದು ಕಬ್ಬಿಣದ ಕಾವ್ಲಿಗೆ ಇಷ್ಟು ರಂಪವೇ?" ಮೇಷ್ಟ್ರು ಗುಡುಗಿದರು. "ಮನೆ ತುಂಬ ಸ್ಟೀಲ್ ಪಾತ್ರೆ ಜೋಡಿಸ್ಕೊಂಡವ್ರೆ, ಬಡವಿ ಮೇಲೆ ಕಳ್ತನ ಹೊರಿಸೋಕೆ ನಾಚ್ಕೆ ಆಗಲ್ವಾ?"

"ನೀನು ಮೊದ್ಲು ಮುಖ ತೊಳಿ ಕಣೋ ಕದರ," ಎಂದರು ನರಸಿಂಹಮ್ಮ. "ಹೋಗಿ ನೋಡ್ಕಂಡು ಬರೋಣ."

ಬೆಟ್ಟಸ್ವಾಮಿಗೆ ನರಸಿಂಹಮ್ಮನನ್ನು ಕಂಡರೆ ಭಕ್ತಿ, ಅವನ ಮಗಳ ಹೆರಿಗೆ ಮಾಡಿಸಿದವರು ಅವರೇ. ತಿಂಡಿ ತಿನ್ನದೆ ಬಿಡುವುದಿಲ್ಲವೆಂದು ಎಲೆ ಹಾಕಿಸಿದ. ನಡುಮನೆಯ ಮೂಲೆಯಲ್ಲಿ ಅವನ ತಾಯಿ ಸಿದ್ದಗಂಗಮ್ಮ ಸೆರಗು ಹೊದ್ದು ಕೂತಿದ್ದರು.

"ಆ ಕಾವ್ಲಿ ನಾನು ತೌರಿಂದ ತಂದಿದ್ದು. ಕದ್ದೋರ ಕೈ ಸೇದೋಗ!" ಎಂದು ಶಪಿಸಿದ ಅಜ್ಜಿ, ಉಸಿರು ತೆಗೆದುಕೊಂಡು ಮತ್ತೆ ಶುರು ಮಾಡಿದರು. "ಅವ್ಳು ಹೋದಾಗ್ನಿಂದ ನನ್ನ ಮೈಗೆ ಬಿಸ್ನೀರು ಬಿದ್ದಿಲ್ಲ. ಹನುಮಿ ಇದ್ದಾಗ ಕೋಳಿ ಕೂಗೋ ಹೊತ್ಗೆ ಹಂಡೆ ಕಾಯ್ತಿತ್ತು."

"ಸೌದೆ ಹಸಿ ಅತ್ತೆ, ಉರಿ ಹತ್ತಲ್ಲ ಅಂದ್ನಲ್ಲ," ಎಂದು ದಾಕ್ಷಾಯಣಿ ಒಳಗಿನಿಂದಲೇ ಕೂಗಿದಳು.

ಮೇಷ್ಟ್ರ ಅನುಮಾನ ಸೀದಾ ಅಜ್ಜಿಯ ಮೇಲೆ ಹೋಯಿತು. ಅಷ್ಟು ಗಟ್ಟಿಯಾಗಿ ಶಾಪ ಹಾಕುವವರು ಏನನ್ನೋ ಮುಚ್ಚಿಡುತ್ತಾರೆ ಎಂಬುದು ಅವರ ಸಿದ್ಧಾಂತ. ಅಷ್ಟರಲ್ಲಿ ದೋಸೆ ಬಂತು. ಕೆಂಪಗೆ, ಗರಿಗರಿಯಾಗಿ, ಅಂಚು ತಾನಾಗಿ ಎದ್ದ ದೋಸೆ. ಮೇಷ್ಟ್ರು ಸಿಟ್ಟನ್ನು ಒಂದು ಪಕ್ಕಕ್ಕಿಟ್ಟು ಮತ್ತೆ ಮತ್ತೆ ಹಾಕಿಸಿಕೊಂಡರು.

"ಕೈಗುಣ ಚೆನ್ನಾಗದೆ ಕಣಮ್ಮ," ಎಂದರು ನರಸಿಂಹಮ್ಮ.

"ಎಲ್ಲಿ ಕೈಗುಣ! ಇಷ್ಟು ವರ್ಷ ಒಲೆ ಮುಂದೆ ಕೂತೋಳಲ್ಲ ನಾನು. ನಿನ್ನೆ ಮಂಡಿಪೇಟೆಯಿಂದ ಹೊಸ ಕಾವ್ಲಿ ತರಿಸ್ದೆ, ಅದ್ರಲ್ಲೇ ಹುಯ್ದಿದ್ದು." ಅಡುಗೆಮನೆಯ ಮೊಳೆಯಲ್ಲಿ ಬೂದಿ ಬಣ್ಣದ ಹೊಸ ಕಾವಲಿಯೊಂದು ನೇತಾಡುತ್ತಿತ್ತು.

ಕೈ ತೊಳೆಯಲು ಮೇಷ್ಟ್ರು ಬಚ್ಚಲ ಕಡೆ ತಿರುಗಿದರೆ ದಾಕ್ಷಾಯಣಿ ಅಡ್ಡ ಬಂದಳು. "ಅಲ್ಲಿ ಜಾರ್ತದೆ ಮೇಷ್ಟ್ರೆ, ಹಿತ್ತಲಲ್ಲಿ ತೊಳ್ಕಳಿ." ಮೇಷ್ಟ್ರು ಹಿತ್ತಲಿಗೆ ಹೋದರು.

ಅದೇ ದಿನ ಅಕ್ಕ ತಮ್ಮ ಗುಬ್ಬಿಯ ಬಸ್ಸು ಹಿಡಿದರು. ಹನುಮಮ್ಮನ ಹೋಟೆಲಿನಲ್ಲಿ ಎರಡು ಬೆಂಚು, ಒಂದು ಒಲೆ, ಒಲೆಯ ಮೇಲೊಂದು ಕಾವಲಿ. ಹಳೆಯ ಕಾವಲಿ ಎಲ್ಲಾದರೂ ಇದೆಯೇ ಎಂದು ಮೇಷ್ಟ್ರು ಬೆಂಚಿನಡಿ, ಸೌದೆಯಡಿ ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ಹನುಮಮ್ಮ ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಮಗುಚಲು ಹೋದರೆ ದೋಸೆ ಮೂರು ಚೂರು. ಮತ್ತೊಂದು ಹುಯ್ದಳು. ಅದು ಕಾವಲಿ ಬಿಟ್ಟು ಏಳಲೇ ಇಲ್ಲ. ಬೆಂಚಿನ ಮೇಲಿದ್ದವನೊಬ್ಬ "ದೋಸೆ ಕೇಳಿದ್ರೆ ಉಪ್ಪಿಟ್ಟು ಕೊಡ್ತೀಯಲ್ಲಮ್ಮ" ಎಂದು ನಕ್ಕು ಎದ್ದು ಹೋದ.

"ಕಾವ್ಲಿ ಹೊಸದು ಸಾ, ಹಿಡ್ಕತಾ ಅದೆ," ಎಂದು ಹನುಮಮ್ಮ ಕಣ್ಣೊರೆಸಿಕೊಂಡಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರ ಮನಸ್ಸಿಗೆ ಆ ಗಾದೆ ಬಂದದ್ದು ನಿಜ. ಎಂಟು ವರ್ಷ ದೋಸೆ ಹುಯ್ದ ಕೈ ಹೀಗೆ ತಪ್ಪುವುದೆಂದರೆ ಒಳಗೆ ಏನೋ ಅಳುಕಿರಬೇಕು ಎಂದು ಅಕ್ಕನ ಕಿವಿಯಲ್ಲಿ ಉಸುರಿದರು. ನರಸಿಂಹಮ್ಮ ಒಂದು ಚೂರೂ ಬಿಡದೆ ಆ ಹರಿದ ದೋಸೆ ತಿಂದು ಮುಗಿಸಿದರು.

"ಹಿಟ್ಟೂ ಸರಿಯಾಗದೆ, ಕೈಯೂ ಸರಿಯಾಗದೆ," ಎಂದರು. "ಹನುಮಮ್ಮ, ನಾಳೆ ಬೆಳಿಗ್ಗೆ ಬೆಟ್ಟಸ್ವಾಮಿ ಮನೆಗೆ ಬಾ. ಮಾಲಿಂಗಯ್ನೋರ್ನೂ ಕರ್ಕಂಡು ಬಾ."

ಮರುದಿನ ಆ ನಡುಮನೆಯಲ್ಲಿ ಎಲ್ಲರೂ ಸೇರಿದರು. ಹನುಮಮ್ಮ ಬಾಗಿಲ ಹತ್ತಿರವೇ ನಿಂತಳು. ಮಳಿಗೆಯ ಮಹಾಲಿಂಗಯ್ಯ ವಾಚು ನೋಡಿಕೊಳ್ಳುತ್ತಿದ್ದ. ನರಸಿಂಹಮ್ಮ ಮೊಳೆಯ ಮೇಲಿದ್ದ ಹೊಸ ಕಾವಲಿ ತಂದು ದಾಕ್ಷಾಯಣಿಯ ಕೈಗೆ ಕೊಟ್ಟರು.

"ನಿನ್ನೆ ಹುಯ್ದಂಗೇ ಒಂದು ದೋಸೆ ಹುಯ್ಯಮ್ಮ. ಎಲ್ರೂ ನೋಡ್ಲಿ."

"ಹಿಟ್ಟು ಹುಳಿಯಾಗದೆ..."

"ಇರ್ಲಿ, ಹುಯ್ಯಿ."

ಬೇರೆ ದಾರಿ ಇಲ್ಲದೆ ಹುಯ್ದಳು. ದೋಸೆ ಕಾವಲಿಗೆ ಕಚ್ಚಿಕೊಂಡಿತು. ಕೆರೆದಾಗ ಬಂದದ್ದು ಗುಬ್ಬಿಯಲ್ಲಿ ಬಂದಂಥದೇ ಚೂರುಗಳು.

"ಮೊದ್ಲು ನನಗೆ ಹೊಳೆದದ್ದು ಇದೇ," ಎಂದರು ನರಸಿಂಹಮ್ಮ. "ಹೊಸ ಕಬ್ಬಿಣ ದಿನಾ ಎಣ್ಣೆ ಕುಡಿದು ಕಪ್ಪಗಾಗೋ ತನಕ ದೋಸೆ ಬಿಡಲ್ಲ. ದೋಸೆಯಲ್ಲೇ ಕೈ ಪಳಗಿರೋ ಹನುಮಮ್ಮನ ದೋಸೆ ಹರೀತು. ಒಲೆ ಮುಂದೆ ಕೂತೇ ಇಲ್ಲ ಅನ್ನೋ ದಾಕ್ಷಾಯಣಿ ದೋಸೆ ಗರಿಗರಿಯಾಗಿ ಎದ್ದು ಬಂತು. ಹಂಗಾದ್ರೆ ಪಳಗಿದ ಕಾವ್ಲಿ ಯಾರ ಹತ್ರ ಇತ್ತು? ಹನುಮಮ್ಮ ಅದನ್ನ ಹೋಟ್ಲಿಗೆ ಅಂತ ಕದ್ದಿದ್ರೆ, ಬಂದ ಗಿರಾಕಿ ನಕ್ಕೊಂಡು ಎದ್ದು ಹೋಗ್ತಿದ್ರೂ ಬಚ್ಚಿಟ್ಕೊಂಡು ಕೂರ್ತಿದ್ಲಾ?"

ಅವರು ಬಚ್ಚಲ ಕಡೆ ತಿರುಗಿದರು.

"ಇನ್ನು, ಎಲ್ಲಿದೆ ಅನ್ನೋದು. ನಿನ್ನೆ ನಾವು ತಿಂದು ಏಳೋ ಹೊತ್ಗೆ ಕಾವ್ಲಿ ಇನ್ನೂ ಬಿಸಿಬಿಸಿ. ಅದನ್ನ ಬಟ್ಟೆ ಒಳ್ಗೋ ಅಕ್ಕಿ ಒಳ್ಗೋ ಹುದುಗ್ಸೋಕಾಗಲ್ಲ. ಅಜ್ಜಿಗೆ ಬಿಸ್ನೀರಿಲ್ಲ, ಹಂಡೆ ಒಲೆಗೆ ಉರಿ ಇಲ್ಲ. ಅಡಿಗೆ ಒಲೆ ಮಾತ್ರ ಅದೇ ಹಸಿ ಸೌದೇಲಿ ಚೆನ್ನಾಗೇ ಉರೀತಿತ್ತು! ಕದರನ್ನೂ ಬಚ್ಚಲಿಗೆ ಬಿಡ್ಲಿಲ್ಲ. ಹೋಗೋ ಕದರ, ಹಂಡೆ ಒಲೆಗೆ ಕೈ ಹಾಕು."

ಮೇಷ್ಟ್ರು ಬಚ್ಚಲಿಗೆ ನುಗ್ಗಿ, ಹಂಡೆ ಒಲೆಯ ಬೂದಿಗೆ ಮೊಣಕೈವರೆಗೆ ಕೈ ಹಾಕಿ, ಕರಿ ಕಾವಲಿಯನ್ನು ಎಳೆದು ತಂದರು. ಅಜ್ಜಿ ಅದನ್ನು ನೋಡಿದರು, ಸೊಸೆಯನ್ನು ನೋಡಿದರು. ಹಾಕಿದ ಶಾಪ ನೆನಪಾಗಿ ಬಾಯಿ ಮುಚ್ಚಿಕೊಂಡರು.

"ನಿಂಗೆ ಬೇಕಾಗಿದ್ದು ಕಾವ್ಲಿ ಅಲ್ಲ ದಾಕ್ಷಾಯಣಿ, ಹನುಮಮ್ಮನೇ ಬೇಕಾಗಿತ್ತು," ಎಂದರು ನರಸಿಂಹಮ್ಮ. "ಕಳ್ಳಿ ಹೋಟ್ಲಲ್ಲಿ ಯಾರೂ ತಿನ್ನಲ್ಲ, ಅವ್ಳು ತಿರ್ಗ ನಿನ್ನ ಬಾಗ್ಲಿಗೇ ಬರ್ತಾಳೆ ಅಂತ ಲೆಕ್ಕ ಹಾಕ್ದೆ. ಆದ್ರೆ ನೆಂಟರ ಎಲೆಗೆ ಹರಿದ ದೋಸೆ ಬಡಿಸೋಕೆ ನಿನ್ನ ಮನಸ್ಸು ಒಪ್ಪಲಿಲ್ಲ. ಸಿಕ್ಕಿಬಿದ್ದದ್ದು ಅಲ್ಲೇ."

"ಒಂದು ಮಾತೂ ಕೇಳ್ದೆ ಬಿಟ್ಟು ಹೊರಟ್ಲಲ್ಲ!" ದಾಕ್ಷಾಯಣಿ ಅಳುತ್ತಲೇ ರೇಗಿದಳು. "ನಾನೇನು ಕಮ್ಮಿ ಮಾಡಿದ್ದೆ ಅವ್ಳಿಗೆ?"

ಬೆಟ್ಟಸ್ವಾಮಿ ಸುಮ್ಮನಿರಲಾರದೆ ಹಲ್ಲು ಕಿರಿದ. "ಹೋಗ್ಲಿ ಬುಡಿ ನರಸಿಂಹಮ್ಮನೋರೆ, ಎಲ್ಲರ ಮನೆ ದೋಸೇನೂ ತೂತೇ ಅಲ್ವೇ."

"ತೂತಾ?" ಮೇಷ್ಟ್ರು ಬೂದಿಗೈ ಎತ್ತಿಕೊಂಡು ಮುಂದೆ ಬಂದರು. "ಒಬ್ಬಳ ಅನ್ನಕ್ಕೆ ಮಣ್ಣು ಹಾಕಿ ಗಾದೆ ಹೇಳ್ತೀಯೇನಯ್ಯ? ಮೂರು ಕಾಸಿನ ಮಾನ ಇದ್ರೆ ಬಾಯಿ ಮುಚ್ಕೊಂಡು ಕೂತ್ಕೋ!"

ಸಿದ್ದಗಂಗಮ್ಮ ಕಾವಲಿಯನ್ನು ಸೆರಗಿನಿಂದ ಒರೆಸಿ ಹನುಮಮ್ಮನ ಮುಂದೆ ಹಿಡಿದರು. "ತಗೊಳೇ. ಇದನ್ನ ಪಳಗಿಸ್ದೋಳು ನೀನು."

ಹನುಮಮ್ಮ ಮುಟ್ಟಲಿಲ್ಲ. "ಬ್ಯಾಡ ಕಣಜ್ಜಿ. ಇದ ತಗೊಂಡೋದ್ರೆ, ನೋಡ್ದೋರು ಕದ್ದಿದ್ದೇ ನಿಜ ಅಂತಾರೆ. ನನ್ನ ಕಾವ್ಲಿ ನಾಳೆ ಪಳಗ್ತದೆ. ನನ್ನ ಹೆಸ್ರು ಹಂಗೆ ಪಳಗಲ್ಲ. ಅಮ್ಮಾವ್ರು ಗುಬ್ಬಿಗೆ ಬರ್ಲಿ. ನಾಕು ಜನದ ಮುಂದೆ ನನ್ನ ಬೆಂಚಲ್ಲಿ ಕೂತು ತಿನ್ಲಿ."

ಮಹಾಲಿಂಗಯ್ಯ ವಾಚು ನೋಡುವುದನ್ನು ಬಿಟ್ಟು, ಮಳಿಗೆ ಅವಳದೇ ಎಂದು ತಡವರಿಸಿದ. ಹನುಮಮ್ಮ ಅವನತ್ತ ತಿರುಗಿಯೂ ನೋಡಲಿಲ್ಲ.

ಆ ಭಾನುವಾರ ಗುಬ್ಬಿಯಲ್ಲಿ ಸಂತೆಯಷ್ಟು ಜನ ನೆರೆದಿದ್ದರು. ದಾಕ್ಷಾಯಣಿ ರೇಷ್ಮೆ ಸೀರೆಯಲ್ಲಿ ಬಂದು ಬೆಂಚಿನ ತುದಿಯಲ್ಲಿ ಕೂತಳು. "ಹನುಮಮ್ಮ ಕದ್ದಿಲ್ಲ. ಬಚ್ಚಿಟ್ಟೋಳು ನಾನು," ಎಂದಳು. ಹಿಂದೆ ನಿಂತಿದ್ದ ಮೇಷ್ಟ್ರು "ಕೇಳಿಸ್ಲಿಲ್ಲ!" ಎಂದು ಕೂಗಿದರು. ಅವಳು ಮತ್ತೊಮ್ಮೆ, ಗಟ್ಟಿಯಾಗಿ ಹೇಳಿದಳು.

ಹನುಮಮ್ಮ ದೋಸೆ ಹುಯ್ದಳು. ಮಗುಚಿದಾಗ ಅದು ನಡುವೆ ಹರಿಯಿತು, ಮೊದಲಿನಷ್ಟಲ್ಲ. ಆ ಚೂರುಗಳನ್ನೇ ಎಲೆಗೆ ಜೋಡಿಸಿ ತಂದು ಮುಂದಿಟ್ಟಳು.

"ಹಿಡ್ಕತಾ ಅದೆ ಅಮ್ಮಾವ್ರೆ," ಎಂದಳು. "ಬೇಜಾರು ಮಾಡ್ಕಬ್ಯಾಡಿ. ತಿನ್ನಿ."

ದಾಕ್ಷಾಯಣಿ ತಲೆ ತಗ್ಗಿಸಿಕೊಂಡು ಒಂದೊಂದೇ ಚೂರು ಎತ್ತಿ ತಿಂದಳು. ಎಲೆ ಖಾಲಿಯಾಗುವವರೆಗೂ ಅಲ್ಲಿಂದ ಯಾರೂ ಕದಲಲಿಲ್ಲ.