ರೇಣುಕಪ್ಪ ಕಟ್ಟದ ಗಂಟುಗಳು

2024ರ ಸೆಪ್ಟೆಂಬರ್ 9, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮುತ್ತಿನಕೊಪ್ಪದ ರೇಣುಕಪ್ಪ ನರಸಿಂಹರಾಜಪುರ ಠಾಣೆಗೆ ಬಂದು, ತಮ್ಮ ಹೆಸರು ಕಳುವಾಗಿದೆ ಎಂದು ದೂರು ಹೇಳಿದರು. ವಯಸ್ಸು ಅರವತ್ತೆಂಟು, ವೃತ್ತಿ ಬೇಸಾಯ. ಹೆಡ್ ಕಾನ್‌ಸ್ಟೇಬಲ್ ದೇವಪ್ಪ ಅಷ್ಟನ್ನು ಬರೆದು, ಪೆನ್ನು ಎತ್ತಿಕೊಂಡೇ ಇನ್ಸ್‌ಪೆಕ್ಟರ್ ವನಮಾಲಾ ಅವರ ಮುಖ ನೋಡಿದರು.

“ನಿಮ್ಮ ಹೆಸರಲ್ಲಿ ಏನು ಮಾಡಿದ್ದಾರೆ? ಸಾಲ ತಗೊಂಡಿದ್ದಾರಾ?” ವನಮಾಲಾ ಕೇಳಿದರು.

“ಇಲ್ಲ ಮೇಡಂನೋರೆ. ಗಂಟು ಕಟ್ಟಿದಾರೆ.”

ವನಮಾಲಾ ತುಮಕೂರು ಕಡೆಯವರು, ಈ ಠಾಣೆಗೆ ಬಂದು ವರ್ಷವಾಗಿರಲಿಲ್ಲ. ಗಂಟು ಎಂದರೇನೆಂದು ದೇವಪ್ಪನೇ ವಿವರಿಸಬೇಕಾಯಿತು. ರೇಣುಕಪ್ಪನದು ಹಾವು ಕಚ್ಚಿದವರಿಗೆ ಔಷಧಿ ಕೊಡುವ ಮನೆ. ಸುದ್ದಿ ತಂದವನು ಅಂಗಳದಲ್ಲಿ ನಿಂತು ವಿಷಯ ಹೇಳುತ್ತಿದ್ದಂತೆ ರೇಣುಕಪ್ಪ ಹೆಗಲ ಮೇಲಿನ ವಲ್ಲಿಯ ತುದಿಗೆ ಒಂದು ಗಂಟು ಹಾಕುತ್ತಾರೆ. ಆಮೇಲೆ ವಿಷ ಏರುವುದಿಲ್ಲ ಎಂಬುದು ಜನರ ನಂಬಿಕೆ. ರೋಗಿ ಎದ್ದು ಓಡಾಡುವಂತಾದ ಮೇಲೆ ಮನೆಯವರು ತೆಂಗಿನಕಾಯಿ, ವೀಳ್ಯದೆಲೆ ಹಿಡಿದು ಬಂದು ಗಂಟು ಬಿಚ್ಚಿಸಿಕೊಂಡು ಹೋಗಬೇಕು. ದುಡ್ಡು ಮುಟ್ಟುವಂತಿಲ್ಲ. ಈಗ ಸುದ್ದಿಯೂ ಫೋನಿನಲ್ಲೇ ಬರುತ್ತದೆ, ಗಂಟೂ ಫೋನಿನಲ್ಲೇ ಬೀಳುತ್ತದೆ.

“ಹೋದ ತಿಂಗಳು ಶೃಂಗೇರಿ ಕಡೆಯೋರು ಬಂದರು,” ಎಂದರು ರೇಣುಕಪ್ಪ. “ತೆಂಗಿನಕಾಯಿ ಮುಂದಿಟ್ಟು ‘ಗಂಟು ಬಿಚ್ಚಿ ಅಪ್ಪಾರೆ’ ಅಂತಾರೆ. ಕಟ್ಟಿದ್ರೆ ತಾನೆ ಬಿಚ್ಚೋದು? ನಾನು ಅವರನ್ನ ಕಂಡೇ ಇಲ್ಲ. ಆಮೇಲೆ ಕೊಪ್ಪದೋರು ಬಂದರು. ಹೀಗೇ ಏಳೆಂಟು ಮನೆ ಆಯ್ತು. ಎಲ್ಲರೂ ಹೇಳೋದು ಒಂದೇ, ನಿಮ್ಮ ಮಗಳು ಫೋನ್ ತೆಗೆದಿದ್ದಳು, ನೀವು ಗಂಟು ಕಟ್ಟಿದ್ರಿ ಅಂತ ಹೇಳಿದಳು ಅಂತ.”

“ಮಗಳನ್ನ ವಿಚಾರಿಸಿದ್ರಾ?”

“ನಂಗೆ ಮಗಳೇ ಇಲ್ಲ.”

ದೇವಪ್ಪ ಬರೆಯುವುದನ್ನು ನಿಲ್ಲಿಸಿದರು.

“ಹಾವು ಕಚ್ಚಿಸಿಕೊಂಡವರು ಬದುಕಿದ್ದಾರಾ?” ವನಮಾಲಾ ಕೇಳಿದರು.

“ಬದುಕಿದ್ದಕ್ಕೇ ಬಿಚ್ಚಿಸೋಕೆ ಬಂದಿದ್ದು.”

“ಹಾಗಾದರೆ ನಿಮಗೆ ಏನು ನಷ್ಟ?”

ರೇಣುಕಪ್ಪ ವಲ್ಲಿಯನ್ನು ಮಡಿಲಿಗೆ ಎಳೆದುಕೊಂಡರು. “ನಾಳೆ ಒಬ್ಬ ಸತ್ತ ಅಂತ ಇಟ್ಕೊಳ್ಳಿ. ಗಂಟು ನನ್ನ ಹೆಸರಲ್ಲಿ ಬಿದ್ದಿದೆ. ನಾನು ಕಾಣದವನ ಸಾವು ನನ್ನ ತಲೆಗೆ ಬರ್ತದೆ. ಅದನ್ನ ಇಳಿಸೋದು ಹೇಗೆ?”

ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು. ಬೇರೊಬ್ಬರ ಸೋಗು ಹಾಕಿ ವಂಚನೆ ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 319. ಫೋನು, ಕಂಪ್ಯೂಟರ್ ಬಳಸಿ ಅದನ್ನೇ ಮಾಡಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ.

“ಸ್ವತ್ತಿನ ವಿವರ ಅಂತ ಇರೋ ಕಡೆ ಎಂತ ಬರೀಲಿ ಮೇಡಂ?”

“ಖಾಲಿ ಬಿಡಿ.”

“ಕದ್ದವರು ಏನೂ ಕದ್ದಿಲ್ಲ, ಕಳಕೊಂಡವರು ಏನೂ ಕಳಕೊಂಡಿಲ್ಲ. ಎಂತ ಕೇಸೋ ಮಾರಾಯ,” ಎಂದು ದೇವಪ್ಪ ಕಂಪ್ಯೂಟರಿಗೇ ಹೇಳಿಕೊಂಡರು.

ವನಮಾಲಾ ಪದವಿಯಲ್ಲಿ ರಸಾಯನಶಾಸ್ತ್ರ ಓದಿದವರು. ಬಣ್ಣ ಬದಲಾದದ್ದು ಕಂಡರೆ ಏನು ಬೆರೆತಿದೆ ಎಂದು ಹುಡುಕಬಹುದು. ಇಲ್ಲಿ ಬಣ್ಣವೇ ಬದಲಾಗಿರಲಿಲ್ಲ. ವಂಚನೆಗೆ ಒಳಗಾದವರೆಲ್ಲ ಕೃತಜ್ಞತೆಯಿಂದ ತೆಂಗಿನಕಾಯಿ ತಂದಿದ್ದರು.

ಮರುದಿನ ಸಾಕ್ಷಿಗಳ ಹೇಳಿಕೆ. ಶೃಂಗೇರಿಯ ಹತ್ತಿರದ ಸುಬ್ಬರಾಯರ ಹೆಬ್ಬೆರಳಿಗೆ ಕಟ್ಟಿಗೆ ರಾಶಿಯಲ್ಲಿ ಹಾವು ಕಚ್ಚಿತ್ತು.

“ಫೋನಿನಲ್ಲಿ ಏನು ಹೇಳಿದರು?”

“ಫೋನ್ ತೆಗೆದ ಕೂಸು ಭಾರಿ ಚುರುಕು ಮಾರಾಯ್ರೆ. ಅಪ್ಪಯ್ಯ ಗಂಟು ಹಾಕಿದರು, ಕೈ ಅಲ್ಲಾಡಿಸಬೇಡಿ, ಬಿಗಿಯಾಗಿ ಎಂತದೂ ಕಟ್ಟಬೇಡಿ, ಕುಯ್ಯಬೇಡಿ ಅಂತು. ಅಪ್ಪಯ್ಯ ಇವತ್ತು ಶೃಂಗೇರಿ ಆಸ್ಪತ್ರೆ ಬಾಗಿಲಲ್ಲಿ ಇರ್ತಾರೆ, ಅಲ್ಲಿಗೇ ಬನ್ನಿ ಅಂತು.”

“ಇದ್ದರಾ?”

“ಕಾಣಲಿಲ್ಲ. ಮತ್ತೆ ಫೋನ್ ಮಾಡಿದೆ. ಒಳಗೆ ಹೋಗಿ ಇಂಜೆಕ್ಷನ್ ತಗೊಳ್ತಾ ಇರಿ, ಅಪ್ಪಯ್ಯ ಬರ್ತಾರೆ ಅಂತು. ಅಷ್ಟರಲ್ಲಿ ಡಾಕ್ಟ್ರು ಹಿಡಕೊಂಡರು. ಮೂರು ದಿನ ಬಿಡಲಿಲ್ಲ.”

“ಹಾಗಾದರೆ ನಿಮ್ಮನ್ನ ಬದುಕಿಸಿದ್ದು ಡಾಕ್ಟರು.”

“ಹೌದು. ಆದ್ರೆ ಡಾಕ್ಟ್ರು ಬರೋವರೆಗೆ ವಿಷ ಹಿಡಕೊಂಡಿದ್ದು ಯಾರು?”

ಕೊಪ್ಪದ ಮಲ್ಲಿಕಾಳ ಗಂಡನಿಗೆ ಹಾವು ಕಚ್ಚಿದ್ದೂ ಅದೇ ದಿನ. ಅವಳಿಗೆ ಹೇಳಿದ್ದು ಕೊಪ್ಪ ಆಸ್ಪತ್ರೆಯ ಬಾಗಿಲು. ಮೂರನೆಯವರಿಗೆ ನರಸಿಂಹರಾಜಪುರದ ಬಾಗಿಲು. ಫೋನ್ ನಂಬರ್ ಒಂದೇ. ಇಲ್ಲದ ಮಗಳು, ಮೂರು ಊರಿನ ಆಸ್ಪತ್ರೆಯ ಮುಂದೆ ಇಲ್ಲದ ಅಪ್ಪಯ್ಯನನ್ನು ನಿಲ್ಲಿಸಿದ್ದಳು.

“ನಂಬರ್ ಎಲ್ಲಿ ಸಿಕ್ಕಿತು?” ವನಮಾಲಾ ಮಲ್ಲಿಕಾಳನ್ನು ಕೇಳಿದರು.

“ಫೋನಲ್ಲೇ. ಸರ್ಚ್ ಮಾಡಿದೆ. ಮೊದಲನೇದೇ ಅದು.”

ವನಮಾಲಾ ತಮ್ಮ ಫೋನಿನಲ್ಲಿ ‘ಹಾವು ಕಡಿತಕ್ಕೆ ಚಿಕಿತ್ಸೆ’ ಎಂದು ಹುಡುಕಿದರು. ಆರೋಗ್ಯ ಇಲಾಖೆಯ ಪ್ರಕಟಣೆ, ಯಾವುದೋ ಪತ್ರಿಕೆಯ ಲೇಖನ. ರೇಣುಕಪ್ಪನ ಸುಳಿವಿಲ್ಲ.

“ಹಾಗೆ ಯಾರು ಬರೀತಾರೆ ಮೇಡಂ? ಕೊಡಿ ಇಲ್ಲಿ,” ಎಂದು ಮಲ್ಲಿಕಾ ಫೋನ್ ತೆಗೆದುಕೊಂಡಳು. ಕಚ್ಚಿದ ಹೊತ್ತಿನಲ್ಲಿ ಹಾವಿನ ಹೆಸರೆತ್ತುವುದಿಲ್ಲ ಈ ಸೀಮೆಯವರು. ಹುಳ ಮುಟ್ಟಿತು ಎನ್ನುತ್ತಾರೆ. ‘ಹುಳ ಮುಟ್ಟಿದರೆ ನಾಟಿ ಔಷಧಿ’ ಎಂದು ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಳು. ಪುಟ ಬಂತು. ಮೇಲೆ ಮುತ್ತಿನಕೊಪ್ಪ ರೇಣುಕಪ್ಪನವರ ಹೆಸರು, ಕೆಳಗೆ ನಂಬರ್, ಒಂದು ವಲ್ಲಿಯ ಚಿತ್ರ.

ಆ ಪುಟವನ್ನು ವನಮಾಲಾ ಬಹಳ ಹೊತ್ತು ನೋಡಿದರು. ಜಾಹೀರಾತು ಇಲ್ಲ, ಹಣ ಕಳಿಸಿ ಎಂಬ ಮಾತಿಲ್ಲ. ಕೆಳಗೆ ಖಾಲಿ ಬಿಟ್ಟಂತಿದ್ದ ಜಾಗದ ಮೇಲೆ ಬೆರಳು ಒತ್ತಿ ಎಳೆದಾಗ ಬಿಳಿಯ ಮೇಲೆ ಬಿಳಿಯಾಗಿ ಬರೆದ ಸಾಲುಗಳು ನೀಲಿಯಲ್ಲಿ ಎದ್ದವು. ಕೈ ನಡುಗುವಾಗ, ಕತ್ತಲಲ್ಲಿ, ಅರ್ಧ ಓದು ಬಲ್ಲವರು ‘ಹುಳ ಮುಟ್ಟಿದರೆ’ ಎಂಬುದನ್ನು ಹೇಗೆಲ್ಲ ತಪ್ಪಾಗಿ ಒತ್ತಬಹುದೋ ಅಷ್ಟೂ ಬಗೆ ಅಲ್ಲಿತ್ತು. ಓದುವವರಿಗಾಗಿ ಬರೆದದ್ದಲ್ಲ ಅದು, ಹುಡುಕುವ ಯಂತ್ರಕ್ಕಾಗಿ ಬರೆದದ್ದು.

ಚಿಕ್ಕಮಗಳೂರಿನ ಸೈಬರ್ ಠಾಣೆಯಿಂದ ಬುಧವಾರ ಎರಡು ಉತ್ತರ ಬಂದವು. ಒಂದು, ಹುಡುಕುವ ಯಂತ್ರ ಯಾವುದಾದರೂ ಪುಟವನ್ನು ಮೇಲೆ ತರಬೇಕಾದರೆ ಬೇರೆ ಪುಟಗಳು ಲಿಂಕ್ ಕೊಟ್ಟು ಅದರ ಕಡೆ ಕೈ ತೋರಿಸಬೇಕು. ಇದರ ಕಡೆ ಕೈ ತೋರಿಸುತ್ತಿದ್ದವು ಶೃಂಗೇರಿ, ಕೊಪ್ಪದ ಸುತ್ತಲಿನ ಹೋಮ್‌ಸ್ಟೇಗಳ ವೆಬ್‌ಸೈಟುಗಳು. ಅಡಿಯಲ್ಲಿ, ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿ. ಎರಡು, ಆ ನಂಬರಿನ ಸಿಮ್ ಬಸರೀಕಟ್ಟೆಯ ಯೋಗೇಶ ಎಂಬುವನ ಹೆಸರಿನಲ್ಲಿತ್ತು.

ಒಬ್ಬ ಹೋಮ್‌ಸ್ಟೇ ಮಾಲೀಕನಿಗೆ ದೇವಪ್ಪ ಫೋನ್ ಮಾಡಿದರು.

“ನಿಮ್ಮ ವೆಬ್‌ಸೈಟಿನ ಅಡಿಯಲ್ಲಿ ಹಾವಿನ ಔಷಧಿ ಯಾಕೆ ಉಂಟು?”

“ಹಾವಾ? ನಮ್ಮಲ್ಲಿ ಹಾವಿಲ್ಲ ಸಾರ್! ಯಾರು ಹಾಗೆ ಬರೆದಿದ್ದು?”

“ವೆಬ್‌ಸೈಟ್ ಮಾಡಿದ್ದು ಯಾರು?”

“ಬಾಳಗಡಿಯ ಸುಮಲತಾ. ನಮ್ಮದು ಸರ್ಚಲ್ಲಿ ಮೇಲೆ ಬರೋ ಹಾಗೆ ಮಾಡಿಕೊಟ್ಟಿದ್ದೂ ಅವಳೇ.”

ಯೋಗೇಶನನ್ನು ಹುಡುಕಿಕೊಂಡು ಜೀಪು ಬಸರೀಕಟ್ಟೆಗೆ ಹೋಯಿತು. ಎಸ್ಟೇಟಿನ ಲೈನ್ ಮನೆಯಲ್ಲಿ ಅವನ ತಾಯಿ ಯಲ್ಲಕ್ಕ ಕೂಲಿಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು.

“ಯೋಗೇಶ ಇದ್ದಾನಾ?” ದೇವಪ್ಪ ಕೇಳಿದರು.

“ನಾಲ್ಕು ವರ್ಷ ಆಯ್ತು ಹೋಗಿ.”

“ಎಲ್ಲಿಗೆ?”

ಯಲ್ಲಕ್ಕ ತಲೆಯೆತ್ತಿ ನೋಡಿದಳು. ದೇವಪ್ಪನಿಗೆ ಅರ್ಥವಾಯಿತು. ವನಮಾಲಾ ಕೇಳಿದರು, “ಏನಾಗಿತ್ತಮ್ಮ?”

“ಹುಳ ಮುಟ್ಟಿತ್ತು. ರೇಣುಕಪ್ಪನೋರಿಗೆ ಸುದ್ದಿ ಮುಟ್ಟಿಸಿದ್ವಿ. ಗಂಟು ಬಿತ್ತು. ಇನ್ನು ಭಯ ಇಲ್ಲ ಅಂತ ಜೀಪಲ್ಲಿ ಅಲ್ಲಿಗೇ ಕರಕೊಂಡು ಹೋದ್ವಿ. ದಾರಿಯಲ್ಲಿ ಕೊಪ್ಪ ಆಸ್ಪತ್ರೆ ಸಿಕ್ತು. ಜೀಪು ನಿಲ್ಲಿಸು ಅಂತ ಅವನ ತಂಗಿ ಅತ್ತಳು. ನಾವೇ ಬೈದು ಸುಮ್ಮನಿರಿಸಿದ್ವಿ. ಗಂಟು ಬಿದ್ದ ಮೇಲೆ ಎಲ್ಲೂ ನಿಲ್ಲಬಾರದು ಅಂತ.”

“ತಂಗಿಯ ಹೆಸರು?”

“ಸುಮಲತಾ. ಬಾಳಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡ್ತಾಳೆ. ಯಾಕಮ್ಮ?”

ಇಂಥ ಅಪರಾಧಕ್ಕೆ ಬಂಧಿಸಲೇಬೇಕೆಂದಿಲ್ಲ. ನೋಟಿಸ್ ಕೊಟ್ಟರೆ ಸಾಕು. ಗುರುವಾರ ಬೆಳಿಗ್ಗೆ ವನಮಾಲಾ ದೇವಪ್ಪನನ್ನೂ ಒಬ್ಬ ಮಹಿಳಾ ಕಾನ್‌ಸ್ಟೇಬಲನ್ನೂ ಕರೆದುಕೊಂಡು, ನೋಟಿಸಿನೊಂದಿಗೆ ಕೊಪ್ಪದ ಪಕ್ಕದ ಬಾಳಗಡಿಗೆ ಹೊರಟರು. ಆರೋಪಿಯ ಮುಂದೆ ನಿಮ್ಮ ಅಗತ್ಯವಿಲ್ಲ ಎಂದರೂ ರೇಣುಕಪ್ಪ ಕೇಳಲಿಲ್ಲ.

“ನನ್ನ ಮಗಳನ್ನ ನಾನೂ ಒಂದು ಸಲ ನೋಡಬೇಕಲ್ಲ ಮೇಡಂ,” ಎಂದು ಜೀಪಿನ ಹಿಂದೆ ಹತ್ತಿ ಕುಳಿತರು.

ಕಾಲೇಜಿನ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ. ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಗುಂಡಿ ಒತ್ತುವ ಹಳೆಯ ಫೋನು. ಸುಮಲತಾಳಿಗೆ ಇಪ್ಪತ್ತಾರು ಇದ್ದಿರಬಹುದು. ರೇಣುಕಪ್ಪನನ್ನು ಕಂಡು ಎದ್ದು ನಿಂತಳು. ಯಾರೆಂದು ಕೇಳಲಿಲ್ಲ.

“ಪುಟ ನಿಂದಾ?” ವನಮಾಲಾ ಕೇಳಿದರು.

“ಹೌದು.”

“ಆಸ್ಪತ್ರೆಗೆ ಹೋಗಿ ಅಂತ ನೇರವಾಗಿ ಬರೆಯಬಹುದಿತ್ತಲ್ಲ?”

“ಮೊದಲು ಹಾಗೇ ಬರೆದಿದ್ದೆ ಮೇಡಂ. ಒಂದೂವರೆ ವರ್ಷ ಇತ್ತು. ಸರ್ಚಲ್ಲಿ ಮೇಲೂ ತಂದೆ. ಜನ ಅದನ್ನ ನೋಡಿ, ದಾಟಿ, ಕೆಳಗೆ ಹೋಗಿ ಇವರ ಹೆಸರು ಹುಡುಕ್ತಿದ್ದರು. ಅದೆಲ್ಲ ನಂಗೆ ಇಲ್ಲಿ ಕಾಣ್ತದೆ.” ಲ್ಯಾಪ್‌ಟಾಪಿನ ಕಡೆ ಗದ್ದ ಆಡಿಸಿ ತೋರಿಸಿದಳು. “ಅದಕ್ಕೆ ಇವರ ಹೆಸರನ್ನೇ ಹಾಕಿದೆ.”

“ಯಾರ ಹೆಸರು ಹಾಕಿದೀನಿ ಅಂತ ಗೊತ್ತಿತ್ತಾ ಕೂಸು?” ರೇಣುಕಪ್ಪನ ದನಿ ಏರಿತು. “ನಮ್ಮಜ್ಜನ ಕಾಲದಿಂದ ಬಂದದ್ದು. ಒಬ್ಬ ಸತ್ತಿದ್ರೆ?”

“ಒಬ್ಬ ಸತ್ತಿದ್ದ,” ಎಂದಳು ಸುಮಲತಾ. “ಅವನ ಗಂಟು ಬಿಚ್ಚಿಸೋಕೆ ನಾವು ಬರಲಿಲ್ಲ. ನಿಮಗೆ ನೆನಪಿರಲಿಕ್ಕಿಲ್ಲ.”

ರೇಣುಕಪ್ಪ ಅವಳ ಮುಖವನ್ನು ದಿಟ್ಟಿಸಿದರು. “ಬಸರೀಕಟ್ಟೆ,” ಎಂದು ತಮಗೇ ಹೇಳಿಕೊಂಡಂತೆ ಹೇಳಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

ವನಮಾಲಾ ನೋಟಿಸ್ ಮುಂದಿಟ್ಟರು. ಪುಟ ತೆಗೆಯಬೇಕು, ನಂಬರ್ ನಿಲ್ಲಿಸಬೇಕು, ಕರೆದಾಗ ಠಾಣೆಗೆ ಬರಬೇಕು.

“ಕರೆದಾಗ ಬರ್ತೀನಿ. ಪುಟ ತೆಗೆಯಲ್ಲ.”

“ತೆಗೆಯದಿದ್ದರೆ ಬಂಧಿಸಬೇಕಾಗ್ತದೆ.”

“ಬಂಧಿಸಿ. ಮಳೆ ಮುಗಿಯೋವರೆಗೆ ಹುಳದ ಕಾಲ, ಪುಟ ಇರಲಿ. ಫೋನ್ ಮಾತ್ರ ಯಾರಾದರೂ ಎತ್ತಬೇಕು. ನೀವು ಎತ್ತುತ್ತೀರಾ?”

ಪುಟವೇನೋ ಸುಳ್ಳು, ಅದನ್ನು ಅಳಿಸಿದರೆ ಅದೇ ಜಾಗಕ್ಕೆ ಮೇಲೇರಿ ಬರುವುದು ಏನೆಂದು ವನಮಾಲಾ ಹಿಂದಿನ ದಿನವೇ ಅದೇ ಪದಗಳನ್ನು ಹುಡುಕಿ ನೋಡಿದ್ದರು: ಬೇರು, ಕಲ್ಲು, ಮಂತ್ರ. ಆದರೂ ನೋಟಿಸ್ ಧಿಕ್ಕರಿಸಿದ ಆರೋಪಿಯ ವಿಷಯದಲ್ಲಿ ಕಾನೂನು ಅಸ್ಪಷ್ಟವಾಗಿರಲಿಲ್ಲ. ಹನ್ನೊಂದೂಕಾಲಿಗೆ ಸುಮಲತಾಳನ್ನು ದಸ್ತಗಿರಿ ಮಾಡಿ, ಕಾರಣ ತಿಳಿಸಿ, ಯಲ್ಲಕ್ಕನಿಗೆ ಸುದ್ದಿ ಮುಟ್ಟಿಸಲು ಹೇಳಿದರು.

ಕೆಳಗಿನ ಅಂಗಡಿಯವನನ್ನೂ ಕಾಲೇಜಿನ ಒಬ್ಬ ಗುಮಾಸ್ತರನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ಲ್ಯಾಪ್‌ಟಾಪು ಬಟ್ಟೆಯ ಚೀಲಕ್ಕೆ ಹೋಯಿತು. ದೇವಪ್ಪ ಅರಗು ಕರಗಿಸುತ್ತಿದ್ದರು. ಅಷ್ಟರಲ್ಲಿ ಮೇಜಿನ ಮೇಲಿನ ಹಳೆಯ ಫೋನು ರಿಂಗಾಯಿತು.

ಸುಮಲತಾ ಕೈ ಚಾಚಿದಳು. ಮಹಿಳಾ ಕಾನ್‌ಸ್ಟೇಬಲ್ ಆ ಕೈ ಹಿಡಿದಳು.

“ಮೇಡಂ, ಇದು ಜಪ್ತಿ ಮಾಲು,” ಎಂದರು ದೇವಪ್ಪ.

ಫೋನು ಮೇಜಿನ ಮೇಲೆ ನಡುಗುತ್ತ ಅಂಚಿನ ಕಡೆ ಸರಿಯುತ್ತಿತ್ತು. ವನಮಾಲಾ ಏನು ಹೇಳಬೇಕೆಂದು ನಿರ್ಧರಿಸುವ ಮೊದಲೇ ರೇಣುಕಪ್ಪ ಎದ್ದು ಬಂದು ಅದನ್ನು ಕಿವಿಗೆ ಹಿಡಿದರು.

“ರೇಣುಕಪ್ಪನೋರ ಮಗಳಾ?” ಗಾಬರಿಯ ಗಂಡಸಿನ ದನಿ ಕೋಣೆಗೆಲ್ಲ ಕೇಳಿಸಿತು.

“ಮಗಳು ಇಲ್ಲೇ ಇದಾಳೆ. ನಾನು ರೇಣುಕಪ್ಪನೇ. ಹೇಳು.”

ಹುಲ್ಲು ಕೊಯ್ಯುವಾಗ ತಾಯಿಯ ಪಾದಕ್ಕೆ ಹುಳ ಮುಟ್ಟಿದೆ ಎಂದ ಅವನು. ರೇಣುಕಪ್ಪನ ಎಡಗೈ ತಾನಾಗಿ ವಲ್ಲಿಯ ತುದಿ ಹುಡುಕಿತು. ಮುಂದಿನ ಮಾತಿಗಾಗಿ ಅವರು ಸುಮಲತಾಳ ಕಡೆ ನೋಡಿದರು.

“ನಡೆಸಬೇಡಿ ಅನ್ನಿ,” ಎಂದಳು ಮೆಲ್ಲಗೆ.

“ನಡೆಸಬೇಡಿ.”

“ಎಲ್ಲಿದೀರಿ ಅಂತ ಕೇಳಿ.”

ಕೊಪ್ಪದಿಂದ ಮುಕ್ಕಾಲು ಗಂಟೆಯ ದಾರಿ ಎಂದ ಅವನು. ರೇಣುಕಪ್ಪ ಕಣ್ಣು ಮುಚ್ಚಿ, ಪ್ರತಿ ಮಾತನ್ನೂ ಬಿಡಿಸಿ ಹೇಳಿದರು. “ಗಂಟು ಹಾಕಿದೀನಿ ಮಾರಾಯ. ಕೊಪ್ಪ ಆಸ್ಪತ್ರೆ ಬಾಗಿಲಿಗೆ ಕರಕೊಂಡು ಬಾ. ನಾನು ಅಲ್ಲೇ ಇರ್ತೀನಿ.”

ಫೋನನ್ನು ಇದ್ದ ಜಾಗದಲ್ಲೇ ಇಟ್ಟು ಅವರು ಚಪ್ಪಲಿ ಮೆಟ್ಟಿಕೊಂಡರು.

“ನಿಮ್ಮ ಸಹಿ ಬೇಕು,” ಎಂದರು ದೇವಪ್ಪ.

“ಆಮೇಲೆ. ಇರ್ತೀನಿ ಅಂದಿದೀನಲ್ಲ.”

ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ದೇವಪ್ಪ ಕೇಳಿದರು, “ಈ ಕರೆ ಬಂದದ್ದನ್ನ ಪಂಚನಾಮೆಯಲ್ಲಿ ಎಂತ ಬರೀಲಿ ಮೇಡಂ?”

“ನಡೆದ ಹಾಗೇ ಬರೀರಿ.”

ಸುಮಲತಾಳ ಹೇಳಿಕೆ ಚಿಕ್ಕದು. ಅಣ್ಣ ಸತ್ತ ಮೇಲೆ ಅವನ ಸಿಮ್ಮನ್ನು ಅವಳು ರೀಚಾರ್ಜ್ ಮಾಡಿಸುತ್ತಲೇ ಬಂದಿದ್ದಳು. ಜೀಪು ನಿಲ್ಲಿಸು ಎಂದು ಅವಳು ಹೇಳಿದ್ದನ್ನು ಆ ದಿನ ಯಾರೂ ಕೇಳಿರಲಿಲ್ಲ; ರೇಣುಕಪ್ಪನವರ ಮಗಳು ಹೇಳಿದರೆ ಎಲ್ಲರೂ ಕೇಳುತ್ತಿದ್ದರು. ಅಷ್ಟೇ ಕಾರಣ ಎಂದಳು. ಯಾವ ಕಾರಣವೂ ಸುಳ್ಳಿಗೆ ಅನುಮತಿಯಾಗದು ಎಂದು ಕೇಸ್ ಡೈರಿಯಲ್ಲಿ ಬರೆಯಲು ಹೊರಟ ವನಮಾಲಾ, ಆ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಆರೋಪಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸಲಾಗುವುದು ಎಂದಷ್ಟೇ ಬರೆದರು.

ಜೀಪು ಕೊಪ್ಪದ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಯಾರೂ ಹೇಳದೆಯೇ ಚಾಲಕ ನಿಧಾನಿಸಿದ. ಬಾಗಿಲ ಬಳಿ ಆಟೊವೊಂದು ನಿಂತಿತ್ತು. ಹೆಂಗಸೊಬ್ಬಳನ್ನು ಸ್ಟ್ರೆಚರಿನಲ್ಲಿ ಒಳಗೆ ಒಯ್ಯುತ್ತಿದ್ದರು. ವಲ್ಲಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದ ರೇಣುಕಪ್ಪ, ಹಿಂದೆ ಸರಿದು ಅವರಿಗೆ ದಾರಿ ಬಿಡುತ್ತಿದ್ದರು.