ಖಾಲಿ ಕಾಗದದ ಗೆರೆ

ಗರುಡಾಚಾರ್‌ಪಾಳ್ಯದ ಲ್ಯಾಬಲ್ಲಿ ನನ್ನ ಕೆಲಸ ಇಷ್ಟೇ: ರಕ್ತದ ಹನಿ ಒಣಗಿಸಿದ ಕಾಗದಕ್ಕೆ ದ್ರಾವಣ ಹಾಕಿ ಕರೆಂಟ್ ಕೊಡ್ತೀನಿ. ಆ ದ್ರಾವಣ ಮಂಜಿನ ಹಾಗೆ ಯಂತ್ರದೊಳಗೆ ಹೋಗುತ್ತೆ, ರಕ್ತದಲ್ಲಿರೋ ಔಷಧಿಯ ಗೆರೆ ಪರದೆ ಮೇಲೆ ಏಳುತ್ತೆ. ಯಂತ್ರ ಶುದ್ಧವಾಗಿದೆಯಾ ಅಂತ ನೋಡೋಕೆ ಗಂಟೆಗೊಮ್ಮೆ ರಕ್ತವಿಲ್ಲದ ಖಾಲಿ ಕಾಗದ ಓಡಿಸ್ತೀವಿ.

ಕಾಗದ ಕತ್ತರಿಸುತ್ತಿದ್ದ ಜಟ್ಟೆಮ್ಮ ತೀರಿಕೊಂಡ ಮಾರನೇ ವಾರದಿಂದ, ಖಾಲಿ ಕಾಗದದಲ್ಲಿ ಅವರು ನುಂಗುತ್ತಿದ್ದ ಬಿಪಿ ಮಾತ್ರೆಯ ಗೆರೆ ಬರ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಏರುತ್ತೆ, ಸಂಜೆಗೆ ಇಳಿಯುತ್ತೆ. ರೋಗಿಗಳ ರಿಪೋರ್ಟೆಲ್ಲ ನಿಲ್ಲಿಸಿದೆ.

"ಅವರ ಕೈಬೆವರು ಇರ್ಬೇಕು, ಕತ್ತರಿ, ಯಂತ್ರ ಎಲ್ಲ ತೊಳಿ ಮಗಾ," ಅಂದ ಜೊತೆಗೆ ಕೆಲಸ ಮಾಡೋ ಸುಗತ. ತೊಳೆದೆ. ಕಾಗದವನ್ನೂ ಹೊಸದು ತರಿಸಿದೆ.

ಸೋಮವಾರ ಬೆಳಿಗ್ಗೆ ಗೆರೆ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಂತು.

ಸೋಮವಾರ ಜಟ್ಟೆಮ್ಮ ಒಪ್ಪತ್ತು ಇರ್ತಿದ್ರು. "ಉಣ್ಣಲಾರ್ದ ಗುಳಿಗಿ ನುಂಗಬಾರ್ದ್ರೀ ಸರ," ಅಂತಿದ್ರು. ಆವತ್ತು ಅವರ ಊಟ ಮಧ್ಯಾಹ್ನ ಒಂದೂವರೆಗೆ.