ವೇಗ ಏರಿಸಿದವಳು ಮತ್ತು ಮೂಗಬಸವ

"ಕೆಡಿಸಿದ್ದು ನೀವೇ!"

ಅಕ್ಕನ ಎದುರೇ ಅವಳು ಹರಿಹಾಯ್ದಳು. ರಿಪೇರಿಯವನು ಕಂಪ್ಯೂಟರಿನ ಧೂಳು ಒರೆಸಿ ಮುಚ್ಚಳ ಹಾಕಿದ್ದನಷ್ಟೇ. ಅವಳು ತಯಾರಿಸುತ್ತಿದ್ದ ಕಾರ್ಟೂನ್ ಚಿತ್ರ ಅರ್ಧಕ್ಕೇ ನಿಂತು ಪರದೆ ಕಪ್ಪಾಗಿತ್ತು.

ಅವನು ಪರದೆಯತ್ತ ನೋಡಿದ, ಸೆಟ್ಟಿಂಗ್ ತೆರೆದ, ಮತ್ತೆ ಮುಚ್ಚಿದ. "ಹೌದು, ನನ್ನದೇ ತಪ್ಪು" ಎಂದ.

ಸ್ಟುಡಿಯೋ ಅಕ್ಕನದು. "ನಾಳೆಯಿಂದ ಬರಬೇಡಿ" ಎಂದುಬಿಟ್ಟಳು.

ಮಾತೇ ಆಡದ ಅವನಿಗೆ ಮೂಗಬಸವ ಎಂದು ಹೆಸರಿಟ್ಟವಳು ಇವಳೇ. ಅವನು ಬರುವ ದಿನ ಕನ್ನಡಿ ಮುಂದೆ ಎರಡು ಸಲ ನಿಲ್ಲುತ್ತಿದ್ದವಳೂ ಇವಳೇ. ಈಗ ಅವಳ ಕಣ್ಣು ಮತ್ತೆ ಮತ್ತೆ ಅವನು ಕೂರುತ್ತಿದ್ದ ಕುರ್ಚಿಯತ್ತ ಹೋಗುತ್ತಿತ್ತು.

ಮರುದಿನ ಕಂಪ್ಯೂಟರ್ ಮತ್ತೆ ಕೈಕೊಟ್ಟಿತು.

ಅವನು ಮುಟ್ಟಿಯೇ ಇಲ್ಲವಲ್ಲ...

ಅವಳಿಗೆ ಆಗ ಹೊಳೆಯಿತು. ಚಿತ್ರ ಬೇಗ ಮುಗಿಯಲಿ ಎಂದು ಯಾವುದೋ ವಿಡಿಯೋ ನೋಡಿ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಸೆಟ್ಟಿಂಗ್‌ನಲ್ಲಿ ಕಂಪ್ಯೂಟರಿನ ಪ್ರೊಸೆಸರ್ ವೇಗ ಏರಿಸಿದ್ದು ಅವಳೇ! 'ಸೆಟ್ಟಿಂಗ್ ಮುಟ್ಟಿದವರ ಕೈಯಿಂದ ಚಿತ್ರ ಕಿತ್ಕೋತೀನಿ' ಎಂದು ಅಕ್ಕ ಅವನೆದುರೇ ಎಚ್ಚರಿಸಿದ್ದರೂ.

ಅಳುತ್ತಲೇ ಅಕ್ಕನಿಗೆ ಎಲ್ಲ ಹೇಳಿದಳು.

"ನಿನ್ನ ವಿಚಾರ ಆಮೇಲೆ. ಮೊದಲು ಹೋಗಿ ಅವರನ್ನ ಕರ್ಕೊಂಡು ಬಾ" ಎಂದಳು ಅಕ್ಕ.

ಅವನು ಬಂದ. ಕುಳಿತ.

"ನಿಮಗೆ ನಿನ್ನೆಯೇ ಗೊತ್ತಾಗಿತ್ತಾ?" ಎಂದಳು ಅವಳು.

"ಹ್ಞೂಂ."

"ಹೇಳಬಹುದಿತ್ತಲ್ಲ..."

"ಚಿತ್ರ ನಿಮ್ಮ ಕೈತಪ್ಪಿ ಹೋಗ್ತಿತ್ತು. ನನಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ."

ಅವಳು ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕುಳಿತಳು.

"ಈ ವೇಗಕ್ಕೆ ವೋಲ್ಟೇಜ್ ಸಾಲ್ತಿಲ್ಲ" ಎಂದ ಅವನು. "ವಿಡಿಯೋದವರ ಪ್ರೊಸೆಸರ್‌ಗೆ ಸಾಕಾಗಿದ್ದು ಇದಕ್ಕೂ ಸಾಕಾಗ್ಬೇಕು ಅಂತೇನಿಲ್ಲ."

"ಹಾಗಾದ್ರೆ ಜಾಸ್ತಿ ಕೊಟ್ಬಿಡಿ."

"ಕಾದು ಹಾಳಾಗುತ್ತೆ. ಚೂರುಚೂರೇ ಕೊಟ್ಟು ನೋಡಬೇಕು."

ವೇಗ ತುಸು ಇಳಿಸಿದ, ವೋಲ್ಟೇಜ್ ಎಳ್ಳಷ್ಟು ಏರಿಸಿ ಪರೀಕ್ಷೆಗೆ ಹಚ್ಚಿದ. ಪರದೆ ಕಪ್ಪಾಯಿತು. ಮತ್ತೆ ಎಳ್ಳಷ್ಟು. ಮತ್ತೆ ಕಪ್ಪು. ಪ್ರತಿ ಸಲವೂ ಅವಳ ಜೀವ ಬಾಯಿಗೆ ಬರುತ್ತಿತ್ತು, ಅವನ ಮುಖದಲ್ಲಿ ಮಾತ್ರ ಬೇಸರದ ಸುಳಿವಿಲ್ಲ. ಇಷ್ಟು ತಾಳ್ಮೆಯವನ ಮೇಲೆ ಕೂಗಾಡಿದೆನಲ್ಲ ಎಂದು ಅವಳು ನಾಚಿದಳು.

ಮಧ್ಯಾಹ್ನ ಸಂಜೆಯಾಯಿತು. ಪರೀಕ್ಷೆ ಮುಗಿದರೂ ಪರದೆ ಬೆಳಗುತ್ತಲೇ ಇತ್ತು, ಬಿಸಿಯೂ ಹದದಲ್ಲಿತ್ತು. ನಿಂತಿದ್ದ ಚಿತ್ರ ಓಡತೊಡಗಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಮುಗಿಸು, ಚಿತ್ರ ನಿನ್ನದೇ" ಎಂದು ಹೇಳಿ ಒಳಗೆ ಹೋದಳು.

ಅವಳಿಗೆ ಹೋದ ಜೀವ ಬಂದಂತಾಯಿತು.

ಅವನು ಚೀಲ ಹೆಗಲಿಗೇರಿಸಿದ. "ಇನ್ನು ಕೆಡಲ್ಲ. ನಾನು ಬರೋ ಅಗತ್ಯ ಬೀಳಲ್ಲ."

"ಕೆಡದಿದ್ರೆ ಬರಬಾರದಾ?" ಅವಳು ಕೇಳಿಯೇಬಿಟ್ಟಳು. "ನೀವು ಬರೋ ದಿನ ನನಗೆ ಇಷ್ಟ. ನೀವೂ ಇಷ್ಟ."

ಅವನು ಚೀಲ ಕೆಳಗಿಟ್ಟ.

"ದಿನಾ ಬರ್ತೀನಿ. ನೀವು ಮಾತ್ರ ಏನೂ ಕೆಡಿಸ್ಬೇಡಿ."